ಯೆಫಿಮನ ಉಣ್ಣೆಯ ಕಾಲುಚೀಲ

ವೊಲೊಗ್ದಾ
೧೨ ಅಕ್ಟೋಬರ್ ೧೯೯೩

ಮಾನ್ಯ ಪ್ರೊಫೆಸರ್ ಗ್ಲೆಬ್ ವಿಕೆಂತ್ಯೆವಿಚ್ ಅವರಿಗೆ,

ನಿಮ್ಮ ಲೇಖನವನ್ನು ಭೂತಗನ್ನಡಿ ಹಿಡಿದು ಎರಡು ಸಲ ಓದಿದೆ. ನನ್ನ ಗಂಡ ಯೆಫಿಮ್ ಗಡಿಯಿಂದ ಬರೆದ ಕೊನೆಯ ಕಾಗದವನ್ನು ವಾರದಲ್ಲಿ ವಾಪಸು ಕೊಡುತ್ತೇನೆಂದು ಒಯ್ದವರು ನೀವು. ೧೯೪೧ರ ಜೂನ್‌ನಲ್ಲಿ ಅಂಥ ಬೇಸಿಗೆಯಲ್ಲಿ ಅವನು ಉಣ್ಣೆಯ ಕಾಲುಚೀಲ ಕೇಳಿದ್ದನಲ್ಲ, ಅದೇ ಸಾಕ್ಷಿ, ನಮ್ಮ ಸೈನ್ಯ ತಾನೇ ಮೊದಲು ಜರ್ಮನಿಯ ಮೇಲೆ ನುಗ್ಗಿ ಚಳಿಗಾಲ ಅಲ್ಲೇ ಕಳೆಯಲು ಹೊರಟಿತ್ತು ಎಂದು ಬರೆದಿದ್ದೀರಿ. ನಿಮ್ಮನ್ನು ಒಪ್ಪದ ಇನ್ನೊಬ್ಬ ಪ್ರೊಫೆಸರು ಮೊನ್ನೆ ಫೋನ್ ಮಾಡಿ, "ಅಜ್ಜೀ, ಆತ ಬರೀ ಬುರುಡೆ ಬಿಡ್ತಾನೆ. ಗಡಿ ಕಾಯೋನಿಗೂ ಕಾಲುಚೀಲ ಬೇಕಲ್ವಾ?" ಎಂದರು.

ಅಲ್ಲ, ಇಬ್ಬರೂ ಇಷ್ಟು ಓದಿದವರು, ಅವನ ಹೆಂಡತಿಯನ್ನು ಒಂದು ಮಾತು ಕೇಳಬಾರದಿತ್ತೇ? ಯೆಫಿಮನ ಕಾಲು ನಡುಬೇಸಿಗೆಯಲ್ಲೂ ತಣ್ಣಗೆ ಕೊರೆಯುತ್ತಿತ್ತು. ಹಾಸಿಗೆಯಲ್ಲಿ ಬೇಕೆಂದೇ ನನಗೆ ತಾಗಿಸುತ್ತಿದ್ದ. "ಮಾರಾಯ, ಹೋಗಿ ಒಲೆ ಪಕ್ಕ ಬಿದ್ಕೋ" ಎಂದು ಬೈಯುತ್ತಿದ್ದೆ. ಆಗ ದೇಶ ಆಳುತ್ತಿದ್ದ ದೊಡ್ಡವರ ಮನಸ್ಸಿನಲ್ಲಿ ಏನಿತ್ತೋ ನನಗೆ ಗೊತ್ತಿಲ್ಲ. ಒಂದು ಕಾಲುಚೀಲ ಹೆಣೆದು ಮುಗಿಸಿದ್ದೆ, ಎರಡನೆಯದು ಹಿಮ್ಮಡಿಯವರೆಗೆ ಬಂದಿತ್ತು. ಅಷ್ಟರಲ್ಲಿ ಆ ಭಾನುವಾರ ಜರ್ಮನರು ನುಗ್ಗಿದರು.

ನೀವು ಏನು ಬೇಕಾದರೂ ಬರೆದುಕೊಳ್ಳಿ, ನನಗೆ ಕಾಗದ ವಾಪಸು ಬೇಕು. ಅಂಚೆಗೆ ಹಾಕಬೇಡಿ, ನೀವೇ ತನ್ನಿ. ಆ ಇನ್ನೊಬ್ಬರನ್ನೂ ಕರೆತನ್ನಿ. ಆಲೂಗಡ್ಡೆ ಕಡುಬು ಮಾಡಿರುತ್ತೇನೆ, ಇಲ್ಲೇ ಕೂತು ಎಷ್ಟು ಬೇಕಾದರೂ ಜಗಳವಾಡಿ. ಈ ಮನೆಯಲ್ಲಿ ಯೆಫಿಮನ ಹೆಸರನ್ನು ನಾನಲ್ಲದೆ ಬೇರೆಯವರು ಗಟ್ಟಿಯಾಗಿ ಹೇಳಿ ಬಹಳ ವರ್ಷವಾಯಿತು.

ನಿಮ್ಮ ದಾರಿ ನೋಡುತ್ತಿರುವ,
ಪೆಲಗೇಯಾ ಸವೇಲ್ಯೆವ್ನಾ