ಅರಳು ಸುರಿದ ಕೈ

ಮಾರ್ಚ್ 12, ಬುಧವಾರ

ಬೆಳಗಿನ ಹಾಲು 412 ಲೀಟರ್. ಇಬ್ಬರದು ವಾಪಸ್. ಮುನಿಶಾಮಯ್ಯನ ಹಾಲಿಗೆ ಮತ್ತೆ ನೀರು. ಲ್ಯಾಕ್ಟೋಮೀಟರ್ ತೋರಿಸಿದರೆ "ಹಸ ಜಾಸ್ತಿ ನೀರ್ ಕುಡ್ದೈತೆ ಕಣಪ್ಪ" ಅಂದ. ಸಾಲಲ್ಲಿದ್ದವರೆಲ್ಲ ನಕ್ಕರು. ನಾನು ನಗಲಿಲ್ಲ. ಡೇರಿ ಸೆಕ್ರೆಟರಿ ನಕ್ಕರೆ ಮಾರನೇ ದಿನ ಎಲ್ಲರ ಹಸುವೂ ಜಾಸ್ತಿ ನೀರು ಕುಡಿಯುತ್ತೆ.

ಕ್ಯಾನ್ ತೊಳೆಯುವ ಹೊತ್ತಿಗೆ ಮಾಗಡಿ ಕಡೆಯವರೊಬ್ಬರು ಬಂದರು. ಬಿಳಿ ಪಂಚೆ, ಕಂಕುಳಲ್ಲಿ ಹೆಲ್ಮೆಟ್. ಹೆಸರು ಕೆಂಪಯ್ಯ. ಮಗಳಿಗೆ ನನ್ನ ಸ್ನೇಹಿತ ದೇವರಾಜುವಿನ ಜಾತಕ ಕೂಡಿದೆಯಂತೆ. ಹೆಣ್ಣು ಕೊಡುವವರು ಹುಡುಗನ ಮನೆಗಿಂತ ಮುಂಚೆ ಡೇರಿಗೆ ಬರುವುದು ಇದ್ದದ್ದೇ. ಇಡೀ ಊರು ದಿನಕ್ಕೆರಡು ಸಲ ಇಲ್ಲಿ ಹಾಜರಿ ಹಾಕುತ್ತಲ್ಲ.

"ನೀರ್ ಹಾಕುದ್ರೆ ಸ್ವಂತ ಮಾವನ ಹಾಲ್ನೂ ವಾಪಸ್ ಕಳುಸ್ತೀರಂತೆ. ಅದ್ಕೇ ನಿಮ್ಮನ್ನೇ ಕೇಳ್ತಾ ಇವ್ನಿ. ಹುಡ್ಗ ಹೆಂಗೆ?"

"ಚಿನ್ನದಂಥ ಹುಡುಗ."

"ಚಟ ಗಿಟ?"

"ಬೀಡಿನೂ ಮುಟ್ಟಲ್ಲ."

"ಆರೋಗ್ಯ?"

ಕ್ಯಾನಿನ ಮುಚ್ಚಳ ಹಾಕಿದೆ. ತೆಗೆದೆ. ಮತ್ತೆ ಹಾಕಿದೆ.

"ಗುಂಡುಕಲ್ಲು ಇದ್ದಂಗವ್ನೆ" ಅಂದೆ.

ಸುಳ್ಳು. ಹತ್ತನೇ ಕ್ಲಾಸಿನಿಂದ ಅವನಿಗೆ ಫಿಟ್ಸ್ ಬರುತ್ತೆ. ಮಾತ್ರೆ ತಪ್ಪಿದರೆ ಬೀಳುತ್ತಾನೆ, ಕೆಲವು ಸಲ ತಪ್ಪದಿದ್ದರೂ. ಗೊತ್ತಿರುವುದು ನಾಲ್ಕೇ ಜನಕ್ಕೆ — ಅವನು, ಅವನ ತಾಯಿ ಬೋರಮ್ಮ, ಬೆಂಗಳೂರಿನ ಡಾಕ್ಟರು, ನಾನು.

ಮಾರ್ಚ್ 13

ದೇವರಾಜುಗೆ ಹೇಳಿದೆ. ಹಿಪ್ಪುನೇರಳೆ ಸೊಪ್ಪು ಕೊಯ್ಯುತ್ತಿದ್ದವನು ಕುಡುಗೋಲು ಹಿಡಿದುಕೊಂಡೇ ಬಂದು ತಬ್ಬಿಕೊಂಡ. "ಸಾವ್ರ ಸುಳ್ ಹೇಳಿ ಒಂದ್ ಮದ್ವೆ ಮಾಡು ಅಂತಾರೆ. ನೀನ್ ಹೇಳಿರೋದು ಒಂದೇ ಕಣ್ಲಾ! ಇನ್ನೂ ಒಂಬೈನೂರ ತೊಂಬತ್ತೊಂಬತ್ತು ಬಾಕಿ ಐತೆ."

ನಕ್ಕೆ. ನಗು ಬಂತು, ಅದೂ ನಿಜ.

ಹೋದ ವರ್ಷ ಚನ್ನಪಟ್ಟಣದ ಸಂಬಂಧದವರು ಕೇಳಿದಾಗ ಸುಳ್ಳೂ ಹೇಳಲಿಲ್ಲ, ನಿಜವೂ ಹೇಳಲಿಲ್ಲ. ಸುಮ್ಮನಿದ್ದೆ. ಅದೇ ಸಾಕಾಯಿತು, ಸಂಬಂಧ ಮುರಿಯಿತು. ಮೂರು ತಿಂಗಳು ದೇವರಾಜು ನನ್ನ ಜೊತೆ ಮಾತು ಬಿಟ್ಟ. ಬೋರಮ್ಮ ಮನೆ ತನಕ ಬಂದು "ನಿನ್ ಬಾಯಲ್ಲಿ ನನ್ ಮಗನ್ ಬದ್ಕೈತೆ ಕಣಪ್ಪ" ಅಂತ ಅತ್ತಿದ್ದರು. ಇದನ್ನೆಲ್ಲ ಯಾಕೆ ಬರೆಯುತ್ತಿದ್ದೇನೆ? ಯಾರು ಕೇಳಿದರು?

ಮೇ 18, ಭಾನುವಾರ

ಎರಡು ತಿಂಗಳು ಬರೆದಿಲ್ಲ. ನಿಶ್ಚಿತಾರ್ಥ ಆಯಿತು. ಹುಡುಗಿ ಭಾನುಪ್ರಿಯ. ಬಿ.ಎ., ನೇರ ಮಾತು. ಅಂದು ಕೈಗೆ ಲೋಟ ಕೊಡುತ್ತ "ನೀವೇನಾ ಡೇರಿ ಅಣ್ಣ? ನಮ್ಮಪ್ಪ ನಿಮ್ ಮಾತ್ ಮೇಲೇ ಒಪ್ಪಿದ್ದು" ಅಂದಿದ್ದಳು. ಪಾನಕದ ಲೋಟ ಹಾಗೇ ಕೆಳಗಿಟ್ಟಿದ್ದೆ.

ಇವತ್ತು ದೇವರಾಜು ಬಂದು, ಮದುವೆಯಲ್ಲಿ ನೀನೇ ನನ್ನ ಜೊತೆಗಾರ ಅಂದ. ಅರಿಶಿನ ಹಚ್ಚಿದ ಮೇಲೆ ಧಾರೆ ಮುಗಿಯುವ ತನಕ ಮದುಮಗನನ್ನು ಒಂಟಿ ಬಿಡಬಾರದು, ನಮ್ಮ ಕಡೆ ಹಾಗೆ. ಖುಷಿಯಾಯಿತು. ಆಮೇಲೆ ಮೆಲ್ಲಗೆ — "ಮಾತ್ರೆ ನಿನ್ ಜೇಬಲ್ಲಿರ್ಲಿ. ಬೆಳಿಗ್ಗೆ ಎಂಟು, ಸಂಜೆ ಎಂಟು. ಮರ್ತೀಯ ಜೋಕೆ."

"ಅವ್ಳಿಗೆ ಹೇಳ್ಬುಡು ಕಣ್ಲಾ, ಮದ್ವೆಗ್ ಮುಂಚೆ" ಅಂದೆ.

"ಮದ್ವೆ ಆದ್ಮೇಲೆ ನಾನೇ ಹೇಳ್ತೀನಿ. ದೇವ್ರಾಣೆ."

ಒಪ್ಪಿಕೊಂಡೆ. ನನಗೆ ಬೇಕಾಗಿದ್ದೂ ಅಂಥ ಒಂದು ಆಣೆಯೇ ಇರಬೇಕು.

ಜೂನ್ 5, ಗುರುವಾರ. ಮಧ್ಯಾಹ್ನ 3. ಕನಕಪುರ, ಛತ್ರ

ಮುಗಿಯಿತು. ಊಟದ ಎರಡನೇ ಪಂಕ್ತಿ ನಡೆಯುತ್ತಿದೆ. ಸ್ಟೋರ್ ರೂಮಿನಲ್ಲಿ ಕುಂಬಳಕಾಯಿ ರಾಶಿ ಪಕ್ಕ ಕೂತು ಬರೆಯುತ್ತಿದ್ದೇನೆ.

ಬೆಳಿಗ್ಗೆ ಎಂಟಕ್ಕೆ ಮಾತ್ರೆ ಕೊಡಬೇಕು. ಮದುಮಗನೋ ಉಪವಾಸ, ಸುತ್ತ ಹೆಂಗಸರು. ಪೇಟ ಸರಿ ಮಾಡುವ ನೆಪದಲ್ಲಿ ಅವನ ಮುಖಕ್ಕೆ ಅಡ್ಡ ನಿಂತು ಬಾಯಿಗೆ ಹಾಕಿದೆ. ನೀರಿಲ್ಲದೆ ನುಂಗಿದ. ಅವನ ಸೋದರತ್ತೆ ನೋಡಿದರು. "ಏನ್ಲಾ ಅದು?" "ಏಲಕ್ಕಿ ಅತ್ತೆ, ಬಾಯಿ ಒಣಗದಂಗೆ." "ನಂಗೂ ಒಂದ್ ಕೊಡು" ಅಂದರು. ದೇವರಾಜು ಹಲ್ಲು ಕಚ್ಚಿ ನಗು ತಡೆದ. ನಾನೂ.

ಇಷ್ಟೇ ಆಗಿದ್ದರೆ ನಗುತ್ತಲೇ ಮನೆಗೆ ಹೋಗುತ್ತಿದ್ದೆ.

ಅರಳು ಸುರಿಯುವ ಶಾಸ್ತ್ರ ಬಂತು. ಹೆಣ್ಣಿನ ಅಣ್ಣನೋ ತಮ್ಮನೋ ಅವಳ ಬೊಗಸೆಗೆ ಭತ್ತದ ಅರಳು ಸುರಿಯಬೇಕು, ಅವಳು ಅದನ್ನು ಹೋಮಕ್ಕೆ ಹಾಕಬೇಕು. ಭಾನುಪ್ರಿಯಗೆ ಒಡಹುಟ್ಟಿದವರಿಲ್ಲ. ಚಿಕ್ಕಪ್ಪನ ಮಗ ಒಬ್ಬ ಬರಬೇಕಿತ್ತು, ಬಸ್ಸಿನಲ್ಲಿದ್ದಾನೆ ಅಂದರು. ಪುರೋಹಿತರು ಮುಹೂರ್ತ ಮೀರುತ್ತೆ ಅಂತ ಅವಸರ ಮಾಡಿದರು. ಕೆಂಪಯ್ಯನವರು ಸುತ್ತ ನೋಡಿದರು. ಸೀದಾ ನನ್ನ ಹತ್ತಿರ ಬಂದರು. ಕೈ ಹಿಡಿದರು.

"ನೀವೇ ಬನ್ನಿ ಸಾರ್. ನನ್ ಮಗ್ಳಿಗೆ ಈ ಮನೆ ತೋರ್ಸಿದವ್ರು ನೀವು. ಅಣ್ಣನ ಜಾಗ ನಿಮ್ದೇ."

ಬೇಡ ಅನ್ನಬಹುದಿತ್ತು. ನಾನು ಗಂಡಿನ ಕಡೆಯವನು ಅಂದಿದ್ದರೆ ಆಗುತ್ತಿತ್ತು. ದೇವರಾಜುವಿನ ಪಕ್ಕದಿಂದ ಎದ್ದು ಅವಳ ಪಕ್ಕ ನಿಂತೆ. ಮೂರು ಸಲ ಸುರಿದೆ. ಬಗ್ಗಿದಾಗಲೆಲ್ಲ ಜೇಬಿನಲ್ಲಿ ಮಾತ್ರೆಯ ಸ್ಟ್ರಿಪ್ ಚರಚರ ಅಂತಿತ್ತು. ಆಮೇಲೆ ಅವಳು ನನ್ನ ಕಾಲು ಮುಟ್ಟಿದಳು. ಅಷ್ಟು ಜನರ ಮುಂದೆ. ನಾನು, ಪಾಪಿ, ಅಕ್ಷತೆ ಹಾಕಿದೆ.

ಜೂನ್ 26

ಆಷಾಢ ಶುರು. ಭಾನು ತವರಿಗೆ ಹೋದಳು. ಒಂದು ತಿಂಗಳು ಬಚಾವ್ ಅಂತ ಮನಸ್ಸಿಗೆ ಬಂತು. ಯಾರು ಬಚಾವ್? ನಾನು ತಾನೇ.

ಹೇಳಿದೆಯಾ ಅಂತ ದೇವರಾಜುವನ್ನು ಕೇಳಿದೆ. "ಬಂದ್ಮೇಲೆ ಹೇಳ್ತೀನಿ ಬುಡ್ಲಾ." ಮಾತ್ರೆಯನ್ನು ರೇಷ್ಮೆ ಹುಳು ಸಾಕುವ ಹುಳುಮನೆಯಲ್ಲಿ, ಸುಣ್ಣದ ಡಬ್ಬದ ಹಿಂದೆ ಇಟ್ಟಿದ್ದಾನೆ.

ಆಗಸ್ಟ್ 26, ಮಂಗಳವಾರ. ಗೌರಿ ಹಬ್ಬ

ಹಿಂದಿನ ವಾರ ಕೆಂಪಯ್ಯನವರ ಫೋನ್ ಬಂದಿತ್ತು. "ಹಬ್ಬಕ್ಕೆ ನಾನ್ ಬರಕ್ಕಾಗಲ್ಲ, ಮಂಡಿ ನೋವು. ಬಾಗಿನ ನೀವೇ ಕೊಟ್ಬುಡಿ, ನಿಮ್ ತಂಗಿ ತಾನೆ." ಅವ್ವ ಹೊಸ ಮೊರ ತಂದು, ಬಳೆ, ಬಿಚ್ಚೋಲೆ, ಬೇಳೆ, ಬೆಲ್ಲ, ರವಿಕೆ ಕಣ ಎಲ್ಲ ತುಂಬಿದಳು. ಬೆಳಿಗ್ಗೆ ಹಾಲು ಮುಗಿಸಿ ಹೋದೆ.

ಬಾಗಿಲು ತೆಗೆದವಳ ಬಲಗೈಗೆ ಬ್ಯಾಂಡೇಜ್. ಎರಡು ಬೆರಳು. ಎಡಗೈ ಅಡಿಗಿಟ್ಟು, ಬಲ ಮೊಣಕೈ ಆನಿಸಿ ಬಾಗಿನ ತಗೊಂಡಳು.

"ಏನಾಯ್ತಮ್ಮ?"

ಶನಿವಾರ ಆಗಿದ್ದಂತೆ. ಬೋರಮ್ಮ ಸಾತನೂರಿಗೆ ಹೋಗಿದ್ದರು. ಹುಳುಮನೆಯಲ್ಲಿ ಸೊಪ್ಪು ಹಾಕುತ್ತಿದ್ದ ದೇವರಾಜು ಬಿದ್ದ. ಇವಳಿಗೆ ಏನಂತಲೇ ಗೊತ್ತಿಲ್ಲ. ಹಾವು ಕಚ್ಚಿತು ಅಂದುಕೊಂಡಳು. ಹಲ್ಲು ಕಚ್ಚಿಕೊಂಡಿದ್ದಾನೆ, ನಾಲಿಗೆ ತುಂಡಾಗುತ್ತೆ ಅಂತ ಬಾಯೊಳಗೆ ಬೆರಳು ಹಾಕಿದಳು.

"ಮೂಳೆವರ್ಗೂ ಹೋಗಿತ್ತಣ್ಣ. ಅದ್ ನೋವಾಗ್ನಿಲ್ಲ ನಂಗೆ. ಸತ್ತೋದ್ರು ಅನ್ಕೊಂಡೆ. ತೊಡೆ ಮೇಲೆ ಮಲಗಿಸ್ಕೊಂಡು ಸತ್ತೋದ್ರು ಅಂತಾನೆ ಕೂತಿದ್ದೆ."

ಎಚ್ಚರವಾದ ಮೇಲೆ ಅವನೇ ಎಲ್ಲ ಹೇಳಿದನಂತೆ.

"ಕಾಯ್ಲೆ ಯಾರ್ಗಿಲ್ಲ? ಮುಂಚೆ ಹೇಳಿದ್ರೆ ಪಕ್ಕಕ್ಕೆ ಮಲಗ್ಸಿ ಸುಮ್ನಿರ್ತಿದ್ದೆ. ಮಾತ್ರೆ ನಾನೇ ಕೊಡ್ತಿದ್ದೆ. ಮುಚ್ಚಿಟ್ರಲ್ಲ, ಅದ್ಕೆ ಉರೀತದೆ." ಕಣ್ಣು ಒರೆಸಿಕೊಂಡು ನನ್ನ ಕಡೆ ನೋಡಿದಳು. "ನಿಮ್ಗೂ ಹೇಳಿರ್ನಿಲ್ವಂತೆ. ಹದ್ನಾಕ್ ವರ್ಷದ ಸ್ನೇಹಿತಂಗೂ! ಎಂಥ ಮನುಷ್ಯ ನೋಡಿ."

ಬೋರಮ್ಮ ಒಲೆ ಮುಂದೆ ತಲೆ ಎತ್ತಲಿಲ್ಲ. ನಾನು "ಹೂಂ" ಅಂದೆ.

ಹೂಂ ಅಂದೆ!

ಆಗಸ್ಟ್ 28

ಕೆಂಪಯ್ಯನವರ ಫೋನ್. ಬೈಯುತ್ತಾರೆ ಅಂತ ಗಟ್ಟಿ ಮನಸ್ಸು ಮಾಡಿ ಎತ್ತಿದೆ.

"ನಿಮ್ ಮೇಲೆ ಒಸಿ ಅನುಮಾನ ಬಂದಿತ್ತು ಸಾರ್. ಭಾನು ಬೈದ್ಲು, ಅಣ್ಣಂಗ್ ಗೊತ್ತಿದ್ರೆ ಹೇಳ್ದೆ ಇರ್ತಿದ್ರಾ ಅಂತ. ತಪ್ಪಾಯ್ತು, ಕ್ಷಮ್ಸಿ."

ಅವರು ನನ್ನ ಕ್ಷಮೆ ಕೇಳಿದರು. ಬೈದಿದ್ದರೆ ಎಷ್ಟೋ ಹಗುರ ಇರುತ್ತಿತ್ತು.

ಭಾನುವಾರ ಹತ್ತಕ್ಕೆ ದೇವರಾಜು ಮನೆ ಜಗಲಿಯಲ್ಲಿ ನ್ಯಾಯ. ಎರಡೂ ಊರಿನ ಹಿರಿಯರು ಸೇರುತ್ತಾರೆ. ಮಗಳನ್ನು ಇಲ್ಲೇ ಬಿಡುವುದೋ ಕರೆದುಕೊಂಡು ಹೋಗುವುದೋ ಅಲ್ಲೇ ತೀರ್ಮಾನ. ಹೆಣ್ಣಿನ ಕಡೆಯಿಂದ ಅಣ್ಣನಾಗಿ ನಾನು ಕೂರಬೇಕಂತೆ. ಯಾಕೆ ಮುಚ್ಚಿಟ್ಟಿರಿ ಅಂತ ದೇವರಾಜುವನ್ನು ಕೇಳಬೇಕಾದವನು ನಾನಂತೆ.

ಆಗಸ್ಟ್ 29

ತೋಟಕ್ಕೆ ಹೋಗಿ ಹಿಡಿದೆ ಅವನನ್ನು. ಕೆನ್ನೆ ಒಳಕ್ಕೆ ಹೋಗಿದೆ. ಗಡ್ಡ ಬಿಟ್ಟಿದ್ದಾನೆ.

"ನಂಗ್ ಗೊತ್ತಿರ್ನಿಲ್ಲ ಅಂತ ಯಾಕ್ಲಾ ಹೇಳ್ದೆ?"

"ನಂದ್ ಹೆಂಗೂ ಹೋಯ್ತು. ನಿನ್ ಮಾತ್ಗೆ ಊರಲ್ಲಿ ಬೆಲೆ ಐತೆ. ಅದ್ನೂ ಯಾಕ್ ಕಳಿಯಾನ?"

"ನಾನ್ ಹೇಳ್ಬುಡ್ತೀನಿ."

"ಮುಚ್ಕೊಂಡ್ ಕೂತ್ಕೊ. ನನ್ನ ಕೇಳು, ಎಲ್ಲಾರ್ ಮುಂದೆ ಬಯ್ಯಿ. ತಲೆ ಬಗ್ಗಿಸ್ಕೊಂಡ್ ಬೈಸ್ಕತ್ತೀನಿ." ಸೊಪ್ಪಿನ ಹೊರೆ ತಲೆ ಮೇಲಿಟ್ಟುಕೊಂಡ. "ಅವ್ಳಿಗೆ ಈ ಊರಲ್ಲಿ ನಂಬೋಕೆ ಒಬ್ನಾದ್ರೂ ಇರ್ಲಿ ಕಣ್ಲಾ."

ಅದೇ ಮಾತು ಆಗಿನಿಂದ ಹಿಡಿದು ಕೂತಿದೆ. ಹೇಳಿದರೆ ಅವಳಿಗೆ ಇರುವ ಒಬ್ಬ ಅಣ್ಣನೂ ಹೋಗುತ್ತಾನೆ. ಹೇಳದಿದ್ದರೆ ಅಣ್ಣ ಅನ್ನುವವನು ಇಲ್ಲವೇ ಇಲ್ಲ. ಅವಳ ಒಳ್ಳೆಯದಕ್ಕೆ ಸುಮ್ಮನಿರುತ್ತೇನೆ ಅಂತ ಒಂದು ಸಲ ಅನ್ನಿಸುತ್ತೆ. ಮಾರ್ಚಿನಲ್ಲೂ ಹೀಗೇ ಯಾರದೋ ಒಳ್ಳೆಯದಕ್ಕೆ ಅಂದುಕೊಂಡಿದ್ದೆ.

ಆಗಸ್ಟ್ 31, ಭಾನುವಾರ. ಬೆಳಿಗ್ಗೆ 9.20

ಇವತ್ತು ಎಷ್ಟು ಲೀಟರ್ ಬಂತು ನೋಡಿಲ್ಲ. ಯಾರ ಹಾಲನ್ನೂ ವಾಪಸ್ ಕಳಿಸಲಿಲ್ಲ.

ಅವಳೇ ಬಂದಿದ್ದಾಳೆ. ಡೇರಿ ಮುಂದೆ ನಿಂತಿದ್ದಾಳೆ. "ಅಣ್ಣಾ, ಅಪ್ಪ ಬಂದವ್ರೆ. ನೀವು ಜೊತೇಲಿದ್ರೆ ನಂಗೆ ಧೈರ್ಯ. ಒಟ್ಗೇ ಹೋಗಾನ ಬನ್ನಿ." ಒಂದು ನಿಮಿಷ ಅಂದು ಒಳಗೆ ಬಂದೆ. ಬರೆದರೆ ಬಾಯಿಗೆ ಬರುತ್ತೇನೋ ಅಂತ.

ಭಾನು, ನನಗೆ ಗೊತ್ತಿತ್ತು. ಮೊದಲಿಂದಲೂ ಗೊತ್ತಿತ್ತು. ನಿಮ್ಮಪ್ಪ ಕೇಳಿದಾಗ ಸುಳ್ಳು ಹೇಳಿದವನು ನಾನು.

ಇಷ್ಟೇ. ಮೂರು ಮಾತು. ಇಲ್ಲಿಂದ ಬಾಗಿಲಿಗೆ ಎಂಟು ಹೆಜ್ಜೆ.

ಕರೆಯುತ್ತಿದ್ದಾಳೆ. ಎದ್ದೆ. ಕೂತೆ.

ಒಳಗೇ ಬಂದಳು. "ಏನ್ ಬರೀತಾ ಇದ್ದೀರಣ್ಣ ಈ ಹೊತ್ನಲ್ಲಿ?" — ಮುಚ್ಚಲಿಲ್ಲ. ಪುಸ್ತಕ ಅವಳ ಕಡೆಗೆ ತಿರುಗಿಸುತ್ತಿದ್ದೇನೆ.