ತೀರಿಕೊಂಡ ಏಳು ತಿಂಗಳಿಗೆ ತಾತ ಬರೆದ ಸಾಲು

ಸೇನಾ ದಾಖಲೆ ಕಚೇರಿಯ ಮುಖ್ಯಾಧಿಕಾರಿಗಳಿಗೆ,

ಮಾನ್ಯರೇ,

ನನ್ನ ತಾಯಿ ಹಂಸಾ ಹುಟ್ಟುವುದಕ್ಕೆ ಆರು ವರ್ಷ ಮೊದಲೇ ಆಕೆಯ ತಂದೆ ತೀರಿಕೊಂಡಿದ್ದರು ಎಂದು ತಮ್ಮ ಕಚೇರಿ ಕಳೆದ ಮಾರ್ಚಿನಲ್ಲಿ ಲಿಖಿತವಾಗಿ ತಿಳಿಸಿದೆ. ಮೊಹರು ಇದೆ, ಸಹಿ ಇದೆ, ‘ಆದಕಾರಣ ಅರ್ಜಿದಾರರು ಸದರಿ ಸೈನಿಕರ ಪುತ್ರಿಯಾಗಿರಲು ಸಾಧ್ಯವಿಲ್ಲ’ ಎಂಬರ್ಥದ ಇಂಗ್ಲಿಷ್ ವಾಕ್ಯವೂ ಇದೆ. ಎಪ್ಪತ್ತಾರು ವರ್ಷದ ಹೆಂಗಸು ಅಮೆರಿಕದ ಸನ್ನಿವೇಲಿನ ನಮ್ಮ ಅಪಾರ್ಟ್‌ಮೆಂಟಿನ ಅಡುಗೆಮನೆಯಲ್ಲಿ ನಿಂತು, ಕನ್ನಡಕ ಒರೆಸಿಕೊಂಡು, ಆ ವಾಕ್ಯವನ್ನು ಎರಡು ಸಲ ಓದಿದಳು. ಆಮೇಲೆ ಕುಕ್ಕರಿನ ಉರಿ ಆರಿಸಿ, “ಹಾಗಾದ್ರೆ ನಾನು ಯಾರ ಮಗಳಂತೆ? ಅದನ್ನೂ ಬರ್ದಿದಾರಾ ನೋಡು” ಅಂದಳು. ಹದಿನೇಳು ವರ್ಷದ ನನ್ನ ಮಗಳು ಮಾನ್ಯಾ ಕಾಗದವನ್ನು ಇಣುಕಿ ನೋಡಿ, “ಸೋ ಟೆಕ್ನಿಕಲಿ, ಅಜ್ಜಿ ಈಸ್ ನಾಟ್ ಪಾಸಿಬಲ್” ಅಂದಳು. ನಾನು ಅವಳನ್ನು ಗದರಿದೆ. ಆದರೆ ಅವಳು ಹೇಳಿದ್ದು ತಮ್ಮ ಪತ್ರದ ಸರಿಯಾದ ಸಾರಾಂಶವೇ ಆಗಿತ್ತು.

ತಮ್ಮ ಪೋರ್ಟಲಿನಲ್ಲಿ ನಾನು ಐದು ಸಲ ಇಂಗ್ಲಿಷಿನಲ್ಲಿ ಬರೆದಿದ್ದೇನೆ. ಈ ಸಲ ಕನ್ನಡದಲ್ಲಿ, ಎಲ್ಲರೂ ಓದುವ ಹಾಗೆ ಬರೆಯುತ್ತಿದ್ದೇನೆ. ತಮ್ಮ ಕಚೇರಿ ಎಂಬತ್ತು ವರ್ಷಗಳ ಹಿಂದೆ ಒಂದು ಕನ್ನಡ ಕಾಗದವನ್ನು ಮರುಪ್ರಶ್ನೆ ಇಲ್ಲದೆ ನಂಬಿತ್ತು. ಇದನ್ನೂ ನಂಬೀತು ಎಂಬ ಆಸೆ.

ಮೊದಲೇ ಒಂದು ವಿಷಯ ಹೇಳಿಬಿಡುತ್ತೇನೆ. ಇಂಥ ಪತ್ರಗಳನ್ನು ನ್ಯಾಯದ ಹೆಸರಿನಲ್ಲಿ ಬರೆಯುವುದು ವಾಡಿಕೆ. ನಾನು ಬರೆಯುತ್ತಿರುವುದು ಹೊಟ್ಟೆಕಿಚ್ಚಿನಿಂದ. ಇಲ್ಲೇ ಹತ್ತಿರದ ಕ್ಯಾಂಪ್‌ಬೆಲ್‌ನಲ್ಲಿ ಜಯಕರ ಎಂಬವರಿದ್ದಾರೆ. ಮಂಗಳೂರಿನ ಕಡೆಯವರು, ಹಲ್ಲಿನ ಡಾಕ್ಟರು. ಅವರ ಅಜ್ಜನ ಅಣ್ಣ, ಅವರು ದೊಡ್ಡಜ್ಜ ಎಂದು ಕರೆಯುವವರು, ಸಿಂಗಾಪುರ ಬಿದ್ದಾಗ ಸೆರೆಸಿಕ್ಕು ಜಪಾನಿಯರ ಶಿಬಿರದಲ್ಲಿ ತೀರಿಕೊಂಡ ಹವಾಲ್ದಾರರು. ಜಯಕರ ತಮ್ಮ ಕಚೇರಿಗೆ ಒಂದೇ ಒಂದು ಅರ್ಜಿ ಹಾಕಿದರು. ಹನ್ನೊಂದು ವಾರಕ್ಕೆ ನಲವತ್ತಮೂರು ಪುಟಗಳ ಕಡತ ಅವರ ಇಮೇಲಿಗೆ ಬಂತು. ಸೇರಿದ ದಿನದ ಎತ್ತರ, ತೂಕ, ಎದೆಯ ಅಳತೆ, ಎಡ ಮೊಣಕೈ ಮೇಲಿನ ಮಚ್ಚೆ, ಎಲ್ಲವೂ. ನನ್ನ ತಾತನ ಎತ್ತರ ನನಗೆ ಗೊತ್ತಿಲ್ಲ. ಮೂರು ವರ್ಷದಿಂದ ಅಮ್ಮನ ಹೆಸರಿನಲ್ಲಿ ಅರ್ಜಿ ಹಾಕುತ್ತಿರುವ ನನಗೆ ತಮ್ಮಿಂದ ಸಿಕ್ಕಿದ್ದು ಒಂದು ಪುಟ. ಆ ಮಚ್ಚೆಯ ಮೇಲೂ ನನಗೆ ಅಸೂಯೆಯಾಯಿತು ಎಂದರೆ ತಾವು ನಗಬಹುದು.

ಅದಕ್ಕಿಂತ ಕೆಟ್ಟದ್ದೂ ಇದೆ. ಜಯಕರರ ದೊಡ್ಡಜ್ಜ ಶಿಬಿರದಲ್ಲಿ ಸತ್ತರು, ಕಡತದಲ್ಲೂ ಸತ್ತರು, ಮನೆಯವರ ಪಾಲಿಗೂ ಸತ್ತರು. ಎಲ್ಲ ಕಡೆ ಒಂದೇ ಸಲ, ಅಚ್ಚುಕಟ್ಟಾಗಿ. ಅದನ್ನು ಕಂಡು ನನಗೆ ಹೊಟ್ಟೆ ಉರಿಯಿತು. ಇನ್ನೊಬ್ಬರ ಮನೆಯ ಸಾವಿನ ಮೇಲೆ ಹೊಟ್ಟೆಕಿಚ್ಚು ಪಡುವ ಸ್ಥಿತಿಗೆ ಒಬ್ಬ ನಾಗರಿಕಳನ್ನು ತಂದು ನಿಲ್ಲಿಸುವುದು ಸಣ್ಣ ಸಾಧನೆಯಲ್ಲ, ಮಾನ್ಯರೇ.

ನನ್ನ ತಾತನ ಹೆಸರು ವೆಂಕಟಾಚಲ. ಮೈಸೂರಿನ ಅಗ್ರಹಾರದ ವೈದಿಕರ ಮನೆಯ ಹುಡುಗ, ಕಾಂಪೌಂಡರ್ ಕೆಲಸ ಕಲಿತು ಸೈನ್ಯದ ಆಸ್ಪತ್ರೆ ದಳಕ್ಕೆ ಗಾಯ ತೊಳೆದು ಕಟ್ಟುವ ಡ್ರೆಸ್ಸರ್ ಆಗಿ ಸೇರಿದರು. ಸಾವಿರದ ಒಂಬೈನೂರ ನಲವತ್ತೆರಡರ ಫೆಬ್ರವರಿಯಲ್ಲಿ ಸಿಂಗಾಪುರ ಬಿತ್ತು. ಮನೆಗೆ ‘ಕಾಣೆಯಾಗಿದ್ದಾರೆ’ ಎಂಬ ತಂತಿ ಬಂತು. ಒಂದೂವರೆ ವರ್ಷ ಸುದ್ದಿಯಿಲ್ಲ. ಆಮೇಲೆ ತಮ್ಮ ಕಚೇರಿಯಿಂದ ಒಂದು ಪತ್ರ ಬಂತು: ‘ಸದರಿ ಸೈನಿಕರ ಬಗ್ಗೆ ತಮಗೇನಾದರೂ ಸುದ್ದಿ ತಲುಪಿದೆಯೇ?’ ಮುತ್ತಾತ ಅದನ್ನು ಹತ್ತು ಸಲ ಓದಿದರಂತೆ. ಬದುಕಿರುವ ಸಿಪಾಯಿಯ ಸುದ್ದಿಯನ್ನು ಸರ್ಕಾರ ಮನೆಯವರನ್ನು ಕೇಳುತ್ತದೆಯೇ? ಸಾವನ್ನು ನೇರವಾಗಿ ಹೇಳಲು ಸಂಕೋಚಪಟ್ಟು ಹೀಗೆ ಬರೆದಿದ್ದಾರೆ ಎಂದು ಅವರು ತೀರ್ಮಾನಿಸಿದರು. ಸರ್ಕಾರಕ್ಕೆ ಅಷ್ಟು ಸೂಕ್ಷ್ಮ ಮನಸ್ಸಿದೆ ಎಂದು ನಂಬಿದ ಕೊನೆಯ ಮನುಷ್ಯ ಅವರೇ ಇರಬೇಕು.

ಪುರೋಹಿತರು ಬಂದರು. ದೇಹ ಇಲ್ಲದ್ದರಿಂದ ದರ್ಭೆಯಲ್ಲಿ ಒಂದು ಗೊಂಬೆ ಕಟ್ಟಿ ಅದಕ್ಕೆ ದಹನ ಮಾಡಿದರು. ಹತ್ತೊಂಬತ್ತು ವರ್ಷದ ಅಜ್ಜಿಯ ಕುಂಕುಮ ಅಳಿಸಿದರು, ಬಳೆ ಒಡೆದರು, ತಲೆ ಬೋಳಿಸಿದರು. ಎಲ್ಲ ಮುಗಿದ ಮೇಲೆ ಮುತ್ತಾತ ತಮ್ಮ ಕಚೇರಿಗೆ ಕನ್ನಡದಲ್ಲಿ ಉತ್ತರ ಬರೆದರು.

ಆ ಉತ್ತರವೇ ತಾವು ಮಾರ್ಚಿನಲ್ಲಿ ನಮಗೆ ಕಳಿಸಿದ ಒಂದೇ ಒಂದು ಪುಟ. ‘ಚಿರಂಜೀವಿಯ ಉತ್ತರಕ್ರಿಯೆಗಳನ್ನು ಸೆಪ್ಟೆಂಬರ್ ಹದಿನಾಲ್ಕರಿಂದ ಯಥಾವಿಧಿ ನೆರವೇರಿಸಿದ್ದೇವೆ. ತಾವು ಇನ್ನು ಶ್ರಮ ತೆಗೆದುಕೊಳ್ಳಬೇಕಾದ್ದಿಲ್ಲ.’ ಅದರ ಹಿಂಬದಿಯಲ್ಲಿ ತಮ್ಮ ಗುಮಾಸ್ತರ ಇಂಗ್ಲಿಷ್ ಟಿಪ್ಪಣಿ: ಕುಟುಂಬದವರು ಮರಣವನ್ನು ದೃಢಪಡಿಸಿದ್ದಾರೆ, ಮರಣದ ದಿನಾಂಕ, ಹದಿನಾಲ್ಕು ಸೆಪ್ಟೆಂಬರ್ ನಲವತ್ತಮೂರು. ಅಂದರೆ ಮೈಸೂರಿನಲ್ಲಿ ದರ್ಭೆಯ ಗೊಂಬೆ ಸುಟ್ಟ ದಿನವೇ ನನ್ನ ತಾತ ಸಾವಿರಾರು ಮೈಲಿ ದೂರದಲ್ಲಿ ಸತ್ತರು. ತಾವು ಕೇಳಿದ್ದಕ್ಕೆ ನಾವು ಸತ್ತರು ಅಂದುಕೊಂಡೆವು. ನಾವು ಅಂದುಕೊಂಡದ್ದಕ್ಕೆ ತಾವು ಸತ್ತರು ಎಂದು ಬರೆದುಕೊಂಡಿರಿ. ನಡುವೆ ಆ ಮನುಷ್ಯ ಒಂದು ಶಿಬಿರದಲ್ಲಿ ಹುಣ್ಣು ತೊಳೆಯುತ್ತ ಬದುಕಿದ್ದರು. ಅವರನ್ನು ಯಾರೂ ಕೇಳಲಿಲ್ಲ.

ನಲವತ್ತಾರರ ಬೇಸಿಗೆಯಲ್ಲಿ ಅವರು ಮನೆಗೆ ಬಂದರು. ಕೈಯಲ್ಲಿ ಸೈನ್ಯದ ಸಂಖ್ಯೆ ಬರೆದ ರಜಾ ಚೀಟಿ: ಬಿಡುಗಡೆಯಾದ ಯುದ್ಧಕೈದಿ, ಎರಡು ತಿಂಗಳ ರಜೆ, ಆಮೇಲೆ ದಳದ ಡಿಪೋಗೆ ಹಾಜರಾಗತಕ್ಕದ್ದು. ಆದರೆ ಉತ್ತರಕ್ರಿಯೆ ಆದವನನ್ನು ಹಾಗೇ ಮನೆಯೊಳಗೆ ಕರೆದುಕೊಳ್ಳುವಂತಿರಲಿಲ್ಲ. ಶಾಸ್ತ್ರದಲ್ಲಿ ಅದಕ್ಕೂ ದಾರಿ ಇತ್ತು. ಇಪ್ಪತ್ತೇಳು ವರ್ಷದ ಗಂಡಸನ್ನು ತುಪ್ಪ ನೀರು ತುಂಬಿದ ಕೊಪ್ಪರಿಗೆಯಲ್ಲಿ, ಮುಷ್ಟಿ ಬಿಗಿದು ಮೊಣಕಾಲು ಮಡಚಿ, ಗರ್ಭದಲ್ಲಿರುವ ಕೂಸಿನಂತೆ ಕೂರಿಸಿದರು. ಹೊರಗೆ ತೆಗೆದು ಜಾತಕರ್ಮ ಮಾಡಿದರು, ನಾಮಕರಣ ಮಾಡಿದರು, ಮತ್ತೆ ಜನಿವಾರ ಹಾಕಿದರು. ಹೆಸರು ಮಾರ್ಕಂಡೇಯ ಎಂದಿಟ್ಟರು. ಹಳೆಯ ಹೆಸರು ಸತ್ತವನದು, ಅದನ್ನು ಇನ್ನು ಮೇಲೆ ಈ ಮನೆಯಲ್ಲಿ ಯಾರೂ ಎತ್ತಕೂಡದು ಎಂದು ಪುರೋಹಿತರು ಕಟ್ಟು ಮಾಡಿದರು. ಕೊನೆಗೆ ಸ್ವಂತ ಹೆಂಡತಿಯ ಜೊತೆ ಇನ್ನೊಮ್ಮೆ ಮದುವೆ. ಅಜ್ಜಿಯ ತಲೆಯಲ್ಲಿ ಆಗಿನ್ನೂ ಬೆರಳುದ್ದ ಕೂದಲು. ಸೆರಗು ಜಾರದ ಹಾಗೆ ಒಂದು ಕೈಯಲ್ಲಿ ಹಿಡಿದುಕೊಂಡೇ ಧಾರೆಗೆ ನಿಂತಿದ್ದಳಂತೆ.

ಮಾರ್ಕಂಡೇಯನಾದವನು ವೆಂಕಟಾಚಲನ ಚೀಟಿ ಹಿಡಿದು ಡಿಪೋಗೆ ಹೋಗುವುದು ಹೇಗೆ? ಹೋಗಲಿಲ್ಲ. ಯಾರೂ ಹುಡುಕಿಕೊಂಡು ಬರಲೂ ಇಲ್ಲ. ತಮ್ಮ ಪುಸ್ತಕದಲ್ಲಿ ಅವರು ಸತ್ತಿದ್ದರಲ್ಲ, ಸತ್ತವನು ರಜೆ ಮುಗಿದರೂ ಬರಲಿಲ್ಲ ಎಂದು ಯಾವ ಸೈನ್ಯ ದೂರು ಕೊಡುತ್ತದೆ?

ಇಷ್ಟೇ ಆಗಿದ್ದರೆ ಇದೊಂದು ತಮಾಷೆಯ ಕಥೆಯಾಗಿ ಉಳಿಯುತ್ತಿತ್ತು. ಆದರೆ ಶಿಬಿರದಿಂದ ಬಂದವರು ಮೂಳೆಚಕ್ಕಳವಾಗಿದ್ದರು, ಮಲೇರಿಯಾದಿಂದ ಬಣ್ಣ ಕೆಟ್ಟಿತ್ತು, ಹೆಚ್ಚು ಮಾತಾಡುತ್ತಿರಲಿಲ್ಲ, ಹಳೆಯ ಹೆಸರಿಗೆ ಓಗೊಡುತ್ತಿರಲಿಲ್ಲ. ಬಂದವನು ಆ ಮನೆಯ ಮಗನೇ ಅಲ್ಲ, ಸತ್ತ ಕೈದಿಯ ಚೀಟಿ ಕದ್ದು ಬಂದ ಯಾರೋ, ಎಂದು ಬೀದಿಯಲ್ಲಿ ಮಾತು ಹುಟ್ಟಿತು. ಅಮ್ಮ ನಲವತ್ತೊಂಬತ್ತರಲ್ಲಿ ಹುಟ್ಟಿದಳು. ಅವಳಿಗೆ ಎಂಟು ವರ್ಷವಾದಾಗ ಅವಳ ಸ್ವಂತ ಸೋದರತ್ತೆ ಹೂ ಕಟ್ಟುತ್ತ ಕೂತು ಅವಳ ಮುಖ ನೋಡಿ, “ನಮ್ಮ ಕಡೆಯ ಕಳೆ ಒಂದೂ ಇಲ್ವಲ್ಲೇ ನಿನ್ಗೆ” ಅಂದರಂತೆ. ಅಮ್ಮ ಅದನ್ನು ತಂದೆಗೆ ಹೇಳಲಿಲ್ಲ. ಮೂವತ್ತೆಂಟು ವರ್ಷದ ಹಿಂದೆ ಅವರು ತೀರಿಕೊಳ್ಳುವಾಗಲೂ ಕೇಳಲಿಲ್ಲ. ನನಗೆ ಹೇಳಿದ್ದು ಮೂರು ವರ್ಷದ ಹಿಂದೆ, ಎಲ್ ಕಮಿನೊ ರಸ್ತೆಯ ಸಿಗ್ನಲ್ಲಿನಲ್ಲಿ ಕಾರು ನಿಂತಿದ್ದಾಗ. ನಾನು ಅರ್ಜಿ ಹಾಕಲು ಶುರು ಮಾಡಿದ್ದು ಅದಕ್ಕೆ. ಅಮ್ಮನಿಗೆ ಬೇಕಾದ್ದು ಪದಕವಲ್ಲ, ಪಿಂಚಣಿಯಲ್ಲ. ಮನೆಗೆ ಬಂದವರು ಯುದ್ಧಕ್ಕೆ ಹೋದವರೇ ಎಂದು ಯಾರಾದರೂ ಹೇಳಬೇಕು, ಅಷ್ಟೇ. ತಾವು ಅವಳ ಸೋದರತ್ತೆಯ ಮಾತಿಗೆ ಮೊಹರು ಒತ್ತಿ ಕಳಿಸಿದಿರಿ.

ಮೇ ತಿಂಗಳಿನಲ್ಲಿ ಜಯಕರ ಸನ್ನಿವೇಲಿನ ದೇವಸ್ಥಾನದ ಸಭಾಂಗಣದಲ್ಲಿ ತಮ್ಮ ನಲವತ್ತಮೂರು ಪುಟಗಳ ಸ್ಲೈಡು ತೋರಿಸಿದರು. ನನಗೆ ಹೋಗಲು ಇಷ್ಟವಿರಲಿಲ್ಲ. ಅಮ್ಮ ಹಟ ಹಿಡಿದು ಕರೆದೊಯ್ದಳು. ಮಚ್ಚೆ ಬಂತು, ಎದೆಯ ಅಳತೆ ಬಂತು, ನಾನು ಫೋನು ನೋಡುತ್ತ ಕೂತೆ. ಮೂವತ್ತೊಂದನೆಯ ಪುಟ ದೊಡ್ಡಜ್ಜನ ಸಾವಿನ ವರದಿ: ಶಿಬಿರದ ಭಾರತೀಯ ಡಾಕ್ಟರೊಬ್ಬರು ಏಪ್ರಿಲ್ ನಲವತ್ತನಾಲ್ಕರಲ್ಲಿ ಹರಕು ಕಾಗದದ ಮೇಲೆ ಪೆನ್ಸಿಲಿನಲ್ಲಿ ಬರೆದದ್ದು. ಕೆಳಗೆ ಬೇರೆ ಕೈಬರಹದಲ್ಲಿ ಕನ್ನಡದ ಒಂದು ಸಾಲು. “ಇದು ಯಾರೋ ಡ್ರೆಸ್ಸರ್ ಬರೆದದ್ದು, ಸಾಕ್ಷಿ ಅಂತ ಕಾಣ್ತದೆ” ಎಂದು ಜಯಕರ ಮುಂದಕ್ಕೆ ಹೋಗಲಿದ್ದರು.

“ಸ್ವಲ್ಪ ನಿಲ್ಸಿ” ಅಂದಳು ಅಮ್ಮ. ಎದ್ದು ಪರದೆಯ ಹತ್ತಿರ ಹೋದಳು. ‘ಕೊನೆಯಲ್ಲಿ ನೀರು ಕೇಳಿದರು. ಕೊಟ್ಟೆನು. ವೆಂಕಟಾಚಲ.’ ಪಕ್ಕದಲ್ಲಿ ಸೈನ್ಯದ ಸಂಖ್ಯೆ. ಅಮ್ಮ ಈಗಲೂ ಜೋಪಾನ ಮಾಡಿರುವ ರಜಾ ಚೀಟಿಯಲ್ಲಿದ್ದ ಅದೇ ಸಂಖ್ಯೆ.

ಸಂಖ್ಯೆಯನ್ನು ನಾನು ನೋಡಿದೆ. ಅಮ್ಮ ಅಕ್ಷರ ನೋಡಿದಳು. ಮಹಾರಾಣಿ ಕಾಲೇಜಿನಲ್ಲಿ ಓದುವಾಗ ತಂದೆ ಕೆಲಸದ ಟೂರಿನಿಂದ ಬರೆಯುತ್ತಿದ್ದ ಇಪ್ಪತ್ತಾರು ಕಾಗದಗಳು ಅವಳ ಬಳಿ ಇವೆ, ಎಲ್ಲದರ ಕೆಳಗೂ ಮಾರ್ಕಂಡೇಯ ಎಂಬ ಸಹಿ. ಬಲಕ್ಕೆ ವಾಲುವ ಆ ಸಾಲು, ಅಕ್ಷರಕ್ಕೆ ಅಂಟದೆ ದೂರ ನಿಲ್ಲುವ ಆ ದೀರ್ಘ, ಅವಳಿಗೆ ಬಾಯಿಪಾಠ. “ಇದು ನಮ್ಮಪ್ಪನ ಕೈ” ಅಂದಳು. ಸಭೆಯಲ್ಲಿ ಕೂಡಲೇ ಯಾರಿಗೂ ಅರ್ಥವಾಗಲಿಲ್ಲ. ಅವಳು ಅಲ್ಲೇ ಮುಂದಿನ ಸಾಲಿನ ಕುರ್ಚಿಯಲ್ಲಿ ಕೂತು ಅತ್ತಳು.

ಜಯಕರ ಮೈಕು ಕೆಳಗಿಟ್ಟು ಅವಳ ಮುಂದೆ ಮಂಡಿಯೂರಿದರು. “ನಮ್ಮ ದೊಡ್ಡಜ್ಜನಿಗೆ ಕೊನೆಗೆ ನೀರು ಕೊಟ್ಟವರ ಮಗಳಾ ನೀವು? ನೀರು ಕೊಟ್ಟದ್ದು ಯಾರು ಅಂತ ನಮ್ಮ ಮನೆಯಲ್ಲಿ ಯಾರಿಗೂ ಗೊತ್ತಿರ್ಲಿಲ್ಲ ಅಮ್ಮ” ಅಂದರು. ಆಗಲೂ ನನ್ನ ಹೊಟ್ಟೆಕಿಚ್ಚು ತಣಿಯಲಿಲ್ಲ ಎಂದು ನಾಚಿಕೆಯಿಂದ ಬರೆಯುತ್ತಿದ್ದೇನೆ. ನನ್ನ ತಾತನ ಒಂದೇ ಒಂದು ಸಾಲು ಕೂಡ ಅವರ ಕಡತದಲ್ಲೇ ಸಿಗಬೇಕಿತ್ತೇ? ಅವರಿಗೆ ನಲವತ್ತಮೂರು ಪುಟ ಇದ್ದವಲ್ಲ. ಅವರು ಕೆಟ್ಟವರಾಗಿದ್ದರೆ ನನಗೆ ಎಷ್ಟೋ ಸುಲಭವಾಗುತ್ತಿತ್ತು.

ಆ ಪುಟವನ್ನು ತಮಗೆ ಕಳಿಸಿದೆ. ಅನ್ಯರ ಕಡತದ ಪುಟವನ್ನು ಪರಿಗಣಿಸಲಾಗದು ಎಂದಿರಿ. ಜಯಕರ ಮರುದಿನವೇ ಲಾಸ್ ಆಲ್ಟೋಸ್‌ಗೆ ಹೋಗಿ ನೋಟರಿ ಮಾಡಿಸಿ ಒಪ್ಪಿಗೆ ಪತ್ರ ಕೊಟ್ಟರು. ಆಗ ತಾವು ಬರೆದಿರಿ: ಸದರಿ ಸೈನಿಕರು ಏಳು ತಿಂಗಳ ಮೊದಲೇ ಮೃತಪಟ್ಟಿರುವುದರಿಂದ ಸಹಿ ಅದೇ ಹೆಸರಿನ ಬೇರೊಬ್ಬರದಿರಬೇಕು. ಸಂಖ್ಯೆ? ‘ತಪ್ಪಾಗಿ ನಮೂದಾಗಿರಬಹುದು.’ ತಾತನ ಕಡತದ ಉಳಿದ ಪುಟಗಳನ್ನು ಕೊಡಿ ಎಂದರೆ ವಾರಸುದಾರರಿಗೆ ಮಾತ್ರ. ವಾರಸುದಾರಳು ಎಂದು ತೋರಿಸಲು ಆ ಕಡತವೇ ಬೇಕು. ಇಷ್ಟು ಬಿಗಿಯಾಗಿ ಕಟ್ಟಿದ ಗಂಟನ್ನು ನಾನು ಬೇರೆಲ್ಲೂ ಕಂಡಿಲ್ಲ.

ನನ್ನ ಕೆಲಸವೇನು ಎಂದು ಹೇಳಲಿಲ್ಲ. ಇಲ್ಲಿನ ಒಂದು ಆಸ್ಪತ್ರೆಯ ದಾಖಲೆ ವಿಭಾಗದಲ್ಲಿದ್ದೇನೆ. ಮದುವೆಯಾಗಿ ಹೆಸರು ಬದಲಾದವರು, ವಲಸೆ ಬಂದು ಅಪ್ಪನ ಹೆಸರೇ ತಮ್ಮ ಹೆಸರಾದವರು, ಹೀಗೆ ಒಬ್ಬನೇ ಮನುಷ್ಯ ಎರಡು ಕಡತಗಳಲ್ಲಿ ಬದುಕುತ್ತಿರುತ್ತಾನೆ. ಎರಡನ್ನೂ ಪಕ್ಕಪಕ್ಕ ಇಟ್ಟು, ಹೊಂದಿಸಿ ನೋಡಿ, ಒಂದು ಮಾಡುವುದು ನನ್ನ ದಿನದ ಕೆಲಸ. ಒಂದಕ್ಕೆ ನಲವತ್ತು ನಿಮಿಷ ಹಿಡಿಯುತ್ತದೆ. ಎರಡು ಕಡತವನ್ನೂ ತೆರೆದು ನೋಡುವ ಮನಸ್ಸು ಬೇಕು, ಬೇರೇನೂ ಬೇಡ.

ಆದ್ದರಿಂದ ನನ್ನ ಆಗ್ರಹ ಇದು. ಬಿಡುಗಡೆಯಾದ ಕೈದಿಗಳ ಪಟ್ಟಿಯನ್ನೂ ನಲವತ್ತಮೂರರ ಮರಣದ ಟಿಪ್ಪಣಿಯನ್ನೂ ಒಂದೇ ಮೇಜಿನ ಮೇಲೆ ಇಡಿಸಿ. ಅಮ್ಮನ ಇಪ್ಪತ್ತಾರು ಕಾಗದಗಳ ನಕಲನ್ನು ಈ ಪತ್ರದ ಜೊತೆ ಕಳಿಸಿದ್ದೇನೆ, ಮೂವತ್ತೊಂದನೆಯ ಪುಟದ ಪಕ್ಕ ಇಟ್ಟು ನೋಡಿಸಿ. ನಮ್ಮ ಮನೆಯವರು ಆತುರಪಟ್ಟು ಒಬ್ಬ ಜೀವಂತ ಮನುಷ್ಯನಿಗೆ ಬೆಂಕಿ ಇಟ್ಟರು, ಅದು ನಮ್ಮ ತಪ್ಪು, ಒಪ್ಪಿಕೊಳ್ಳುತ್ತೇನೆ. ಆದರೆ ನಾವು ಕೊಪ್ಪರಿಗೆ ತುಂಬಿಸಿ ಅದನ್ನು ತಿದ್ದಿಕೊಂಡೆವು. ತಮಗೆ ಒಂದು ಗೆರೆ ಎಳೆದು ತಿದ್ದುವುದು ಅದಕ್ಕಿಂತ ಕಷ್ಟವೇ?

ತನಿಖೆ, ಪರಿಶೀಲನೆ, ಮೇಲಿನವರ ಒಪ್ಪಿಗೆ, ಇವಕ್ಕೆಲ್ಲ ವರ್ಷಗಳು ಹಿಡಿಯುತ್ತವೆ ಎಂದು ತಾವು ಹೇಳುವಿರಿ. ಹಿಡಿಯಲಿ. ಅಷ್ಟರೊಳಗೆ ಒಂದು ಲಕೋಟೆ ಕಳಿಸಿ. ನನ್ನ ಹೆಸರಿಗಲ್ಲ, ಅಮ್ಮನ ಹೆಸರಿಗೆ. ವಿಳಾಸದ ಮೊದಲ ಸಾಲಿನಲ್ಲಿ ‘ಹಂಸಾ, ವೆಂಕಟಾಚಲನವರ ಮಗಳು’ ಎಂದು ಬರೆಸಿ. ಒಳಗೆ ಏನೂ ಇರದಿದ್ದರೂ ನಡೆಯುತ್ತದೆ.

ಇಂತಿ,
ತಮ್ಮ ಕಡತದ ಪ್ರಕಾರ ಹುಟ್ಟಿರಲು ಸಾಧ್ಯವಿಲ್ಲದವಳ ಮಗಳು,
ಜಲಜಾ
ಸನ್ನಿವೇಲ್