ಎರಡು ಕಾರಿನ ಜಾಗ

ಮಾರ್ಚ್ ೧೨, ಮಂಗಳವಾರ

ಪ್ರೀತಿಯ ಗುಂಡುಸೂಜಿಗೆ,

ನಿನ್ನ ಅಕ್ಕ ಮಾಡುವ ಆಶೀರ್ವಾದಗಳು. ನಾನು ಇಲ್ಲಿ ಕ್ಷೇಮ. ಕಾಲಿನ ಊತ ಇಳಿದಿದೆ, ನಾಲಿಗೆ ಮೊದಲಿನಷ್ಟೇ ಚುರುಕಾಗಿದೆ. ನೀನು, ನಿನ್ನ ಯಜಮಾನರು, ಮಗಳು ಎಲ್ಲರೂ ಚೆನ್ನಾಗಿದ್ದೀರೆಂದು ನಂಬಿದ್ದೇನೆ. ಉತ್ತರ ತಡವಾಯಿತು, ಹೊಟ್ಟೆಗೆ ಹಾಕಿಕೋ. ನೀನು ಮತ್ತೆ ಮತ್ತೆ ಫೋನ್ ಮಾಡಿದ್ದು ಗೊತ್ತು, ನಾನು ಬೇಕೆಂದೇ ಎತ್ತಲಿಲ್ಲ. ಫೋನಿನಲ್ಲಾದರೆ ನೀನು ಅಳುತ್ತೀಯ, ಆಮೇಲೆ ನಾನೇ ನಿನ್ನನ್ನು ಸಮಾಧಾನ ಮಾಡಬೇಕಾಗುತ್ತದೆ. ಚಿಕ್ಕಂದಿನಿಂದ ಇದೇ ಆಯಿತು. ಕಾಗದದಲ್ಲಾದರೆ ನನ್ನ ಮಾತು ಮುಗಿಯುವ ತನಕ ನೀನು ಬಾಯಿ ಮುಚ್ಚಿಕೊಂಡಿರಬೇಕು. ಆ ಸುಖಕ್ಕಾಗಿ ಬರೆಯುತ್ತಿದ್ದೇನೆ.

ಗೋಪುರದಂಥ ಆ ಹೊಸ ಕಟ್ಟಡದ ಉದ್ಘಾಟನೆಗೆ ಕರೆದಿದ್ದೀಯ. "ಅಕ್ಕ, ನಾನೇ ಕಾರು ತಂದು ಕರ್ಕೊಂಡು ಹೋಗ್ತೀನಿ, ನೀನು ರೆಡಿಯಾಗಿರು ಸಾಕು" ಎಂದು ಸಂದೇಶ ಕಳಿಸಿದ್ದೀಯ. ನಿನ್ನ ಕಾರು ರಿಪೇರಿಯಾಗಿದೆ ಎಂದು ತಿಳಿದು ಸಂತೋಷವಾಯಿತು. ನಿನ್ನ ಯಜಮಾನರಿಗೆ ಬಡ್ತಿಯಂತೆ, ಕಂಪನಿಯ ಜಾಗ ಕೊಳ್ಳುವ ವಿಭಾಗಕ್ಕೆ ಈಗ ಅವರೇ ದೊಡ್ಡವರಂತೆ. ಸಿಗಲೇಬೇಕು, ಪಾಪ. ಇಡೀ ಹಳೆ ಪೇಟೆಯನ್ನು ಅಂಗಳ ಗುಡಿಸಿದ ಹಾಗೆ ಗುಡಿಸಿ ಕೊಟ್ಟಿದ್ದಾರೆ. ಪುಸ್ತಕದಂಗಡಿ ಹೋಯಿತು, ಗಡಿಯಾರ ರಿಪೇರಿಯವನು ಹೋದ, ಮೂಲೆಯ ಬೇಕರಿ ಹೋಯಿತು. ಎಲ್ಲದರ ಮೇಲೂ ಡಾಂಬರು ಹಾಕಿ ಬಿಳಿ ಗೆರೆ ಎಳೆದರು. ಕಟ್ಟಡ ಎದ್ದು ನಿಂತು ವರ್ಷವಾದರೂ ಬಾಗಿಲು ತೆರೆಯಲು ಅನುಮತಿ ಸಿಗಲಿಲ್ಲ. ಅಷ್ಟು ಅಂತಸ್ತಿಗೆ ಇಷ್ಟು ಕಾರಿನ ಜಾಗ ಇರಲೇಬೇಕು ಎನ್ನುವುದು ನಗರಸಭೆಯ ಕಾನೂನು. ಎರಡು ಕಾರಿನ ಜಾಗ ಕಡಿಮೆ ಬಿದ್ದಿತ್ತು. ಆ ಎರಡು ಕಾರಿನ ಜಾಗದಲ್ಲಿ ಅಪ್ಪನ ಹೊಲಿಗೆ ಅಂಗಡಿ ಇಟ್ಟುಕೊಂಡು ನಾನು ಕೂತಿದ್ದೆ.

ನಿನ್ನ ಯಜಮಾನರು ಬಂದು ಬಂದು ಹೇಳುತ್ತಿದ್ದರು, "ಅಕ್ಕಾ, ಈ ವಯಸ್ಸಲ್ಲಿ ಯಾಕಿಷ್ಟು ಒದ್ದಾಡ್ತೀರಾ? ಕೊಟ್ಟುಬಿಡಿ, ಆರಾಮಾಗಿರಿ." ನಾನು, "ಮೊದಲು ಆ ಕಂದು ಕೋಟು ಬಿಚ್ಚಿ ಕೊಡಿ, ಎಡಗಡೆ ಜೇಬು ಮತ್ತೆ ಕಿತ್ತುಬಂದಿದೆ" ಎನ್ನುತ್ತಿದ್ದೆ. ಕಾರಿನ ಕೀಗೊಂಚಲು ಆ ಜೇಬಿಗೇ ತುರುಕುವ ಅಭ್ಯಾಸ ಅವರದು. ಎಷ್ಟು ಸಲ ಹೊಲಿದುಕೊಟ್ಟಿದ್ದೇನೋ. ಅವರು ಕೋಟು ಹಾಕಿಕೊಂಡು ಹೋಗುತ್ತಿದ್ದರು, ನಾನು ಅಂಗಡಿ ಇಟ್ಟುಕೊಂಡು ಉಳಿಯುತ್ತಿದ್ದೆ. ಜಗಳ ಏನೂ ಇರಲಿಲ್ಲ.

ನಿನಗೂ ಗೊತ್ತಿರುವ ವಿಷಯವನ್ನೇ ಮತ್ತೆ ಹೇಳುತ್ತೇನೆ, ಯಾಕೆಂದರೆ ನಿನಗೆ ಅದು ಎಷ್ಟು ಚೆನ್ನಾಗಿ ಗೊತ್ತಿತ್ತು ಎಂದು ನನಗೆ ಈಗಷ್ಟೇ ಅರ್ಥವಾಗಿದೆ. ನಮ್ಮ ಅಂಗಡಿ ಕಾನೂನಿಗಿಂತ ಹಳೆಯದು, ಆದ್ದರಿಂದ ಕಾರು ನಿಲ್ಲಿಸುವ ಜಾಗವಿಲ್ಲದಿದ್ದರೂ ನಡೆಸಬಹುದಿತ್ತು. ಷರತ್ತು ಒಂದೇ. ವ್ಯಾಪಾರ ಸತತವಾಗಿ ಒಂದು ತಿಂಗಳು ನಿಲ್ಲಬಾರದು. ನಿಂತರೆ ಅದು ಹೊಸ ಅಂಗಡಿ ಎಂದೇ ಲೆಕ್ಕ, ಹೊಸ ಅಂಗಡಿಗೆ ನಾಲ್ಕು ಕಾರಿನ ಜಾಗ ತೋರಿಸಬೇಕು. ಅಂಗಡಿಯೇ ಎರಡು ಕಾರಿನಷ್ಟಿದೆ. ಉಳಿದ ಕಾರುಗಳನ್ನು ನನ್ನ ತಲೆಯ ಮೇಲೆ ನಿಲ್ಲಿಸಿಕೊಳ್ಳಲೇ? ಬಾಗಿಲು ತೆರೆದು ಕೂತರೆ ಸಾಲದು, ಒಂದು ಗುಂಡಿಯಾದರೂ ಯಾರಿಗಾದರೂ ಹೊಲಿದು ಕೊಟ್ಟಿರಬೇಕು. ಗಿರಾಕಿಗಳು ಕಡಿಮೆಯಾಗಿದ್ದರೂ ವಾರಕ್ಕೊಬ್ಬರಾದರೂ ಬರುತ್ತಿದ್ದರು. ಹಾಗೆ ಬದುಕಿಕೊಂಡಿದ್ದೆವು, ನಾನೂ ಮಿಷನ್ನೂ.

ಇನ್ನು ನಾನು ಅಂಗಡಿಗೆ ಹೋಗುತ್ತಿದ್ದದ್ದು ಹೇಗೆ? ಈ ಊರಲ್ಲಿ ಕಾಲಿದ್ದವರಿಗೆ ದಾರಿಯಿಲ್ಲ, ಕಾರಿದ್ದವರಿಗೆ ಮಾತ್ರ. ಬಸ್ಸು ನಿಲ್ಲಿಸಿ ಯಾವ ಕಾಲವಾಯಿತು. ನೀನು ಡ್ರೈವಿಂಗ್ ಕಲಿಯಲು ದುಡ್ಡು ಕಟ್ಟಿದ್ದು ನಾನೇ, ಆ ಮಿಷನ್ ತುಳಿದು. "ನೀನೂ ಕಲಿ ಅಕ್ಕ" ಎಂದು ನೀನು ಅಂದಾಗ, ಮನೆಯಲ್ಲೊಬ್ಬರಿಗೆ ಬಂದರೆ ಸಾಕು, ಅಕ್ಕತಂಗಿ ಒಂದೇ ಕಾರಿನಲ್ಲಿ ಓಡಾಡಿದರಾಯಿತು ಅಂದೆ. ನನ್ನ ಜಾಣತನಕ್ಕೆ ಏನು ಹೇಳಲಿ. ಹಾಗೇ ಇಷ್ಟು ವರ್ಷ ದಿನಾ ಬೆಳಿಗ್ಗೆ ನೀನು ಬಂದು ಹಾರ್ನ್ ಹೊಡೆಯುತ್ತಿದ್ದೆ, ನಾನು ಡಬ್ಬಿ ಹಿಡಿದು ಓಡಿಬರುತ್ತಿದ್ದೆ. ಹಿಂದಿನ ಕಿಟಕಿಗೆ ಬಿಸಿಲು ಹೊಡೆಯುತ್ತದೆ ಅಂದೆಯೆಂದು ಅಮ್ಮನ ನೀಲಿ ಹೊದಿಕೆ ಕತ್ತರಿಸಿ ಪರದೆ ಹೊಲಿದುಕೊಟ್ಟೆ. ಬಟ್ಟೆಯ ಮುಖ ಒಳಗಡೆ, ಹೊಲಿಗೆಯ ಮಡಿಕೆ ಹೊರಗಡೆ ಬರುವ ಹಾಗೆ ತಿರುಗಾಮುರುಗಾ ಹಾಕಿದ್ದೀಯ, ಈಗಲೂ.

ಈ ಸಲ ಮೊದಲು ನಿನ್ನ ಕಾರು ಗ್ಯಾರೇಜಿಗೆ ಹೋಯಿತು. "ಒಂದು ವಾರ ಅಷ್ಟೆ ಅಕ್ಕ, ರೆಸ್ಟ್ ತಗೋ" ಅಂದೆ. ತೆಗೆದುಕೊಂಡೆ. ಆಮೇಲೆ ಮಗಳ ಪರೀಕ್ಷೆ. ಆಮೇಲೆ ನಿನ್ನ ಸೊಂಟ ನೋವು. ಬಿಸಿನೀರಿನ ಚೀಲ ಇಟ್ಟುಕೋ, ಬಗ್ಗಬೇಡ ಎಂದು ನಿನಗೆ ಬುದ್ಧಿ ಹೇಳಿದ್ದೆನಲ್ಲ, ನೆನಪಿದೆಯೇ? ನನ್ನ ಕರುಳಿಗೆ ನಿನ್ನ ಸೊಂಟವೇ ದೊಡ್ಡದಾಗಿ ಕಂಡಿತು. ಪಕ್ಕದ ಮನೆಯ ಟೀಚರಮ್ಮನನ್ನು ಕೇಳಿದೆ. "ಅಯ್ಯೋ, ನಂದು ಆ ಕಡೆ ದಾರಿ ಅಲ್ವಲ್ಲಮ್ಮ" ಅಂದಳು. ತಪ್ಪಿಲ್ಲ, ಯಾರದೂ ಆ ಕಡೆ ದಾರಿಯಲ್ಲ. ಅಲ್ಲಿ ಈಗ ಏನಿದೆ?

ಕೊನೆಗೆ ನಗರಸಭೆಯ ಇನ್ಸ್‌ಪೆಕ್ಟರೇ ಫೋನ್ ಮಾಡಿದ. "ಅಮ್ಮಾ, ನಾಳೆಗೆ ತಿಂಗಳು ತುಂಬುತ್ತೆ. ಯಾರೋ ಅರ್ಜಿ ಹಾಕಿದಾರೆ, ಸಂಜೆ ನಾನು ಬಂದು ನೋಡ್ಲೇಬೇಕು." ಒಳ್ಳೆಯ ಮನುಷ್ಯ. ಕತ್ತು ಕೊಯ್ಯುವ ಮೊದಲು ಹೇಳಿ ಕೊಯ್ದ. ನಿನಗೆ ಫೋನ್ ಮಾಡಿದೆ, ನೀನು ಎತ್ತಲಿಲ್ಲ. ಸೊಂಟಕ್ಕೆ ಮಾತ್ರೆ ತೆಗೆದುಕೊಂಡು ಮಲಗಿದ್ದೀಯ ಅಂದುಕೊಂಡೆ.

ಬೆಳಿಗ್ಗೆ ನಡೆದೇ ಹೊರಟೆ. ಹೆದ್ದಾರಿಯ ಪಕ್ಕದಲ್ಲಿ ನಡೆಯುವ ಹೆಂಗಸನ್ನು ಈ ಊರಲ್ಲಿ ಜನ ಹೇಗೆ ನೋಡುತ್ತಾರೆ ಎಂದು ನಿನಗೆ ಗೊತ್ತಿರಲಿಕ್ಕಿಲ್ಲ, ನೀನು ಯಾವತ್ತೂ ಗಾಜಿನ ಒಳಗಿನವಳು. ಒಬ್ಬ ನಿಲ್ಲಿಸಿ, "ಕಾರು ಎಲ್ಲಿ ಕೆಟ್ಟೋಯ್ತು?" ಅಂದ. ಕಾರಿಲ್ಲ, ನಡೆಯುತ್ತಿದ್ದೇನೆ ಅಂದಾಗ ಗಾಬರಿಯಾಗಿ ಹೊರಟೇಹೋದ, ಹುಚ್ಚು ಅಂಟುತ್ತದೆ ಅಂದುಕೊಂಡನೋ ಏನೋ. ಇನ್ನೊಬ್ಬಳು ಗಾಜು ಇಳಿಸಿ ನನ್ನ ಕೈಗೆ ಒಂದು ಬನ್ನು ಕೊಟ್ಟು ಹೋದಳು. ಭಿಕ್ಷೆ. ಹಸಿವಾಗಿತ್ತು, ತಿಂದೆ. ಸೇತುವೆಯ ಹತ್ತಿರ ದಾಟುವಾಗ ಲಾರಿ ಹಾರ್ನಿಗೆ ಬೆಚ್ಚಿ ಮೋರಿಗೆ ಕಾಲು ಜಾರಿತು. ಪಾದ ಹೊರಳಿದ ಸದ್ದು ನನಗೇ ಕೇಳಿಸಿತು. ಆಮೇಲಿನ ದಾರಿಯೆಲ್ಲ ತಡೆಗಂಬಿ ಹಿಡಿದುಕೊಂಡು ಹೋದೆ.

ಅಂಗಡಿ ತೆಗೆದೆ. ಧೂಳು ಹೊಡೆದೆ, ಮಿಷನ್ನಿಗೆ ಎಣ್ಣೆ ಬಿಟ್ಟೆ, ಕತ್ತರಿ ಒರೆಸಿಟ್ಟೆ. ಒಬ್ಬ ಗಿರಾಕಿ ಸಾಕಿತ್ತು. ಎದುರಿಗೆ ಆ ಮೈದಾನದಂಥ ಪಾರ್ಕಿಂಗ್ ಖಾಲಿ ಹೊಡೆಯುತ್ತಿತ್ತು, ಅದರ ನಟ್ಟನಡುವೆ ಒಂದೇ ಒಂದು ಕಾರು. ಬೆಳಗಿನಿಂದಲೇ ನಿಂತಿತ್ತು. ಒಳಗೆ ಯಾರೋ ಕೂತಿದ್ದರು. ಅಂಗಡಿ ತೆರೆದಿದೆಯೋ ಇಲ್ಲವೋ ಎಂದು ಅನುಮಾನಿಸುತ್ತಿರುವ ಗಿರಾಕಿ ಇರಬಹುದು ಅನ್ನಿಸಿತು. ಆಸೆ ನೋಡು. ಕೈ ಬೀಸಿದೆ. ಬೋರ್ಡು ತಿರುಗಿಸಿ ತೋರಿಸಿದೆ. ಮಧ್ಯಾಹ್ನ ದಾಟಿದ ಮೇಲೆ ತಡೆಯಲಾರದೆ ಗಜಕೋಲು ಊರಿಕೊಂಡು ಆ ಬಿಸಿಲಲ್ಲಿ ಹೊರಟೆ. "ಬನ್ನಿ, ಒಂದು ಗುಂಡಿ ಆದ್ರೂ ಹೊಲ್ಕೊಡ್ತೀನಿ, ಬಿಟ್ಟಿ" ಎಂದು ಹೇಳಬೇಕೆಂದಿದ್ದೆ. ಬಿಸಿಲು ಗಾಜಿಗೆ ಹೊಡೆಯುತ್ತಿತ್ತು, ಒಳಗೇನೂ ಕಾಣಲಿಲ್ಲ. ನಾನು ನಾಲ್ಕು ಮಾರು ದೂರ ಇರುವಾಗ ಕಾರು ರಿವರ್ಸ್ ತೆಗೆದುಕೊಂಡು ಹೋಗಿ ಆ ಕೊನೆಯ ಮೂಲೆಯಲ್ಲಿ ನಿಂತಿತು. ಅಷ್ಟು ದೊಡ್ಡ ಖಾಲಿ ಜಾಗದಲ್ಲಿ, ಎರಡು ಬಿಳಿ ಗೆರೆಯ ನಡುವೆ, ಶಿಸ್ತಾಗಿ. ಮತ್ತೆ ಅಲ್ಲಿಗೂ ಹೋಗಲು ನನ್ನ ಕಾಲು ಒಪ್ಪಲಿಲ್ಲ.

ಸಂಜೆ ಇನ್ಸ್‌ಪೆಕ್ಟರು ಬಂದ. "ಏನಮ್ಮಾ, ಯಾರಾದ್ರೂ ಬಂದಿದ್ರಾ?"

"ನೀವು ಬಂದಿದೀರಲ್ಲಪ್ಪ. ನಿಮ್ಮ ಕೋಟಿನ ಗುಂಡಿ ಜೋತಾಡ್ತಿದೆ, ಕೊಡಿ ಇಲ್ಲಿ."

ಅವನು ಗುಂಡಿಯನ್ನು ಅಂಗೈಯಲ್ಲಿ ಮುಚ್ಚಿಕೊಂಡ. "ನಾನು ಗಿರಾಕಿ ಆಗಂಗಿಲ್ಲ ಅಮ್ಮ, ಡ್ಯೂಟಿಲಿದೀನಿ."

"ಒಂದು ನಿಮಿಷದ ಕೆಲಸ."

"ಒಬ್ರು ಬಂದಿದ್ರೂ ಸಾಕಿತ್ತು, ನಾನು ಕಣ್ಮುಚ್ಕೊಂಡು ಬರೆದು ಹೋಗ್ತಿದ್ದೆ" ಎಂದ. ಎಂದವನು ಆ ಗುಂಡಿಯನ್ನು ತಾನೇ ಕಿತ್ತು ಜೇಬಿಗೆ ಹಾಕಿಕೊಂಡ. ನನ್ನ ಆಸೆ ಅದರ ಮೇಲೆ ನೇತಾಡುವುದನ್ನು ಅವನಿಗೆ ನೋಡಲಾಗಲಿಲ್ಲವೇನೋ. ಹೋಗುವಾಗ ಕಾಲಿಗೆ ಐಸ್ ಇಡಿ ಅಂದ. ತನ್ನ ಕಾರಿನಲ್ಲಿ ಮನೆಗೂ ಬಿಟ್ಟ. ಆಫೀಸಿನ ಹೊತ್ತು ಮುಗಿದಿತ್ತಲ್ಲ, ಕರುಣೆಗೆ ಅಡ್ಡಿಯಿರಲಿಲ್ಲ.

ಆಮೇಲಿನದು ನಿನಗೆ ಗೊತ್ತು. ತೆರೆಯಲು ಅನುಮತಿಯಿಲ್ಲದ ಅಂಗಡಿಯನ್ನು ಇಟ್ಟುಕೊಂಡು ಪೂಜೆ ಮಾಡಲೇ? ನಿನ್ನ ಯಜಮಾನರು ತೋರಿಸಿದಲ್ಲಿ ಸಹಿ ಹಾಕಿದೆ. ಮಿಷನ್ನನ್ನು ಯಾರಾದರೂ ತೆಗೆದುಕೊಂಡು ಹೋಗಿ ಅಂದೆ. ಯಾರಿಗೂ ಬೇಡವಾಯಿತು, ಅಂಗಡಿಯ ಜೊತೆಗೇ ಹೋಯಿತು. ಕೆಡವುವ ಯಂತ್ರ ಗೋಡೆಗೆ ಬಾಯಿ ಹಾಕಿದಾಗ ಎಲ್ಲಿಂದಲೋ ಹಿಡಿಯಷ್ಟು ಗುಂಡುಸೂಜಿ ಉದುರಿದವಂತೆ. ಅಪ್ಪ ಬಟ್ಟೆ ಕತ್ತರಿಸುವಾಗ ನೀನು ಮೇಜಿನ ಕೆಳಗೆ ಕೂತು ಆಯುತ್ತಿದ್ದೆಯಲ್ಲ, ಎಲ್ಲವನ್ನೂ ಆಯ್ದಿರಲಿಲ್ಲ ನೀನು. ಯಾರಾದರೂ ಹೊಸ ಟೈರಿಗೆ ತಗುಲಿಸಿಕೊಂಡಿದ್ದರೆ ನನಗೆ ತಿಳಿಸು, ನಗು ಬಂದು ಬಹಳ ದಿನವಾಯಿತು.

ನಿನ್ನ ಮಗಳ ಶಾಲೆಯ ಬೀಳ್ಕೊಡುಗೆಗೆಂದು ಹೊಲಿದುಕೊಡಲು ಒಪ್ಪಿಕೊಂಡಿದ್ದ ಉಡುಪನ್ನು ಈ ಕಾಗದದ ಜೊತೆ ಕಳಿಸುತ್ತಿದ್ದೇನೆ. ಕುತ್ತಿಗೆ, ತೋಳು ಎಲ್ಲ ಅಂದವಾಗಿದೆ. ಸೊಂಟದ ಸುತ್ತ ಮಾತ್ರ ಕೈಯಲ್ಲಿ ಹಾಕಿದ ಕಚ್ಚಾ ಹೊಲಿಗೆಯಷ್ಟೇ ಇದೆ, ಪಕ್ಕಾ ಮಾಡಲು ಮಿಷನ್ ಎಲ್ಲಿ? ಮಗುವಿಗೆ ಹೇಳು, ಸಂಜೆಯಿಡೀ ನಿಂತೇ ಇರಬೇಕು, ಕೂತರೆ ಬಿಟ್ಟುಕೊಳ್ಳುತ್ತದೆ. ಅವಳ ಮೇಲೆ ನನಗೆ ಕೋಪವಿಲ್ಲ. ನಿನ್ನ ಮೇಲಿರುವುದು ಅವಳವರೆಗೂ ತುಳುಕುತ್ತಿದೆ, ಅಷ್ಟೆ. ಒಳ್ಳೆಯವಳಾಗಿರಲು ನನಗೆ ಸದ್ಯಕ್ಕೆ ಆಗುತ್ತಿಲ್ಲ.

ಉದ್ಘಾಟನೆಗೆ ಬರುವುದಿಲ್ಲ. ನಿನ್ನ ಯಜಮಾನರಿಗೆ ಆಯುಸ್ಸು, ಅಧಿಕಾರ ಎರಡೂ ಹೆಚ್ಚಲಿ. ಮಗಳು ಚೆನ್ನಾಗಿ ಓದಲಿ. ನೀನು ಹೋದ ಕಡೆಯಲ್ಲೆಲ್ಲ ನಿನ್ನ ಕಾರಿಗೆ ಜಾಗ ಸಿಗಲಿ, ನೆರಳಿರುವ ಕಡೆಯೇ ಸಿಗಲಿ. ಸೊಂಟ ಜೋಪಾನ.

ಇಂತಿ,
ನಿನ್ನ ಅಕ್ಕ

ತಾ.ಕ.: ಬಿಸಿಲಿಗೆ ಒಳಗೇನೂ ಕಾಣಲಿಲ್ಲ ಎಂದು ಮೇಲೆ ಬರೆದೆನಲ್ಲ, ಅದು ಸುಳ್ಳು. ಕಾರು ಹಿಂದೆ ಸರಿದು ತಿರುಗಿದಾಗ ಅಮ್ಮನ ನೀಲಿ ಹೊದಿಕೆಯ ಪರದೆ ಕಂಡಿತು, ತಿರುಗಾಮುರುಗಾ. ಸ್ಟಿಯರಿಂಗಿನ ಮೇಲೆ ತಲೆ ತಗ್ಗಿಸಿ ಅಡಗಿದ ನೀನೂ ಕಂಡೆ. ಅದನ್ನಾದರೂ ನುಂಗಿಕೊಳ್ಳುತ್ತಿದ್ದೆ. ಗಂಡನ ಬಡ್ತಿ, ಮಗಳ ಭವಿಷ್ಯ, ನಿನಗೂ ನಿನ್ನ ಕಷ್ಟ ಎಂದುಕೊಂಡು ಬಾಯಿಗೆ ಬೀಗ ಹಾಕಿಕೊಳ್ಳುತ್ತಿದ್ದೆ. ಆದರೆ ಹಿಂದಿನ ಸೀಟಿನ ಕೊಕ್ಕೆಗೆ ಆ ಕಂದು ಕೋಟು ನೇತುಹಾಕಿತ್ತು, ಎಡಗಡೆ ಜೇಬು ಕಿತ್ತು ಜೋತಾಡುತ್ತಿತ್ತು. ಹೊಲಿಸಲೆಂದೇ ತಂದಿದ್ದೆ ನೀನು. ನನ್ನ ಅಂಗಡಿ ಉಳಿಸಲೆಂದು ಮನೆಯಿಂದ ಹೊರಟು ಬಂದು, ಬೆಳಗಿನಿಂದ ಆ ಕೋಟನ್ನು ಬೆನ್ನ ಹಿಂದೆ ಇಟ್ಟುಕೊಂಡು ನನ್ನನ್ನೇ ನೋಡುತ್ತ ಕೂತು, ನಾನು ಕುಂಟುತ್ತ ಹತ್ತಿರ ಬಂದಾಗ ರಿವರ್ಸ್ ಹಾಕಿದೆ. ಕೋಟು ತರದೆ ಇದ್ದಿದ್ದರೆ ನಿನ್ನನ್ನು ಕ್ಷಮಿಸುತ್ತಿದ್ದೆ.

ಆ ಜೇಬು ಇನ್ನೂ ಹಾಗೇ ಇದ್ದರೆ ಬೇರೆ ಯಾರ ಹತ್ತಿರವಾದರೂ ಹೊಲಿಸು. ಕೀ ಬಿದ್ದುಹೋದೀತು.